ಮಿಣುಕುಹುಳದ ಫೋಟೋದಲ್ಲಿ ಕಾಡೆಲ್ಲ ಚುಕ್ಕಿ ಕಾಣುವುದು ಹೇಗೆ?

ಆಗುಂಬೆ ಕಡೆಯ ಇಂಥ ಫೋಟೋಗಳಲ್ಲಿ ಸಾವಿರಗಟ್ಟಲೆ ಹುಳ ಕಾಣುತ್ತವೆ, ಹೋಗಿ ನೋಡಿದರೆ ಅಷ್ಟಿಲ್ಲವಲ್ಲ ಅಂತ ಕೇಳಿದ್ದೀರಿ. ಅದು ಒಂದು ಕ್ಷಣದ ಫೋಟೋ ಅಲ್ಲ, ಹಲವು ನಿಮಿಷಗಳದ್ದು. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಅಲುಗಾಡದಂತೆ ನಿಲ್ಲಿಸಿ, ಪ್ರತಿ ಸಲ 20-30 ಸೆಕೆಂಡ್ ಶಟರ್ ತೆರೆದಿಟ್ಟು ಸಾಲಾಗಿ ಫೋಟೋ ತೆಗೆಯುತ್ತಾರೆ. ಆಮೇಲೆ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸುತ್ತಾರೆ. ಆಗ ಪ್ರತಿ ಜಾಗದಲ್ಲೂ ಜಾಸ್ತಿ ಬೆಳಕಿದ್ದದ್ದು ಮಾತ್ರ ಉಳಿಯುತ್ತದೆ. ಒಂದೇ ಹುಳ ಹಾರುತ್ತಾ 20 ಸಲ ಮಿನುಗಿದರೆ 20 ಚುಕ್ಕಿ! ಅಡಿಕೆ ಮರಗಳ ನಡುವೆ ಹಳದಿ-ಹಸಿರು ಮಣಿ ಪೋಣಿಸಿದ ಹಾಗೆ ಕಾಣುವುದು ಅದಕ್ಕೇ. ಇದನ್ನು ಮೋಸ ಅಂತ ನಾನು ಹೇಳುವುದಿಲ್ಲ, ಬೆಳಕೆಲ್ಲ ಅಲ್ಲಿ ಮಿನುಗಿದ್ದೇ ಅಲ್ವಾ? ನೀವೂ ತೆಗೆಯುವುದಾದರೆ ಸುಮ್ನೆ ಟಾರ್ಚ್ ಹಾಕಬೇಡಿ, ಬೆಳಕು ಬಿದ್ದರೆ ಹುಳಗಳು ಮಿನುಗುವುದೇ ಕಡಿಮೆಯಾಗುತ್ತದೆ.