ಕಾಲೇಜು ಗಾಡಿಯ ಕೀ ಯಾರ ಕೈಗೆ ಕೊಡಬೇಕು?

ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ವಾಹನಗಳ ಬಗ್ಗೆ ಹಾಸನ, ಚಿಕ್ಕಮಗಳೂರು ಕಡೆಯಿಂದ ಬಂದ ಪ್ರಶ್ನೆಗಳಲ್ಲಿ ನಾಲ್ಕನ್ನು ಈ ಸಲ ಆರಿಸಿಕೊಂಡಿದ್ದೇನೆ. ಬಹಳ ವರ್ಷ ಕ್ಯಾಂಪಸ್ ಒಂದರ ವಾಹನ ವಿಭಾಗ ನೋಡಿಕೊಂಡವನು ನಾನು. ಕಾನೂನಿನ ಜೊತೆಗೆ ಕಣ್ಣಾರೆ ಕಂಡದ್ದನ್ನೂ ಹೇಳುತ್ತೇನೆ.

ಎನ್ಎಸ್ಎಸ್ ಶಿಬಿರಕ್ಕೆ ವಿದ್ಯಾರ್ಥಿಗಳನ್ನು ಬೇಲೂರು ಹತ್ತಿರದ ಹಳ್ಳಿಗೆ ಕರೆದುಕೊಂಡು ಹೋಗಬೇಕು. ಡ್ರೈವರ್ ರಜೆಯಲ್ಲಿದ್ದಾರೆ. ನನ್ನ ಹತ್ತಿರ ಕಾರ್ ಲೈಸೆನ್ಸ್ ಇದೆ, ಹನ್ನೆರಡು ವರ್ಷದಿಂದ ಓಡಿಸುತ್ತಿದ್ದೇನೆ. ಕಾಲೇಜಿನ ಟೆಂಪೋ ಟ್ರಾವೆಲರ್ ನಾನೇ ಓಡಿಸಬಹುದಾ ಸರ್?
— ಉಪನ್ಯಾಸಕರು, ಹಾಸನ

ಮೊದಲು ಕಾನೂನು ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಕಾಲೇಜಿನ ಬಸ್ಸು ಸಾರಿಗೆ ವಾಹನ. ಓಡಿಸುವವರಿಗೆ ಕನಿಷ್ಠ 20 ವರ್ಷ ಆಗಿರಬೇಕು. ಕಾರ್ ಲೈಸೆನ್ಸ್ ಇದ್ದವರು ಇಂಥ ಗಾಡಿ ಓಡಿಸಬಹುದಾ ಅನ್ನೋ ಜಗಳ ಬಹಳ ವರ್ಷ ಕೋರ್ಟಿನಲ್ಲಿತ್ತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಬಗೆಹರಿಸಿತು. ಗಾಡಿ ಮತ್ತು ಹೊರೆ ಸೇರಿದ ಒಟ್ಟು ತೂಕ 7,500 ಕಿಲೋ ಮೀರದಿದ್ದರೆ ಲಘು ವಾಹನದ ಲೈಸೆನ್ಸ್ ಸಾಕು. ಈ ತೂಕ ಗಾಡಿಯ ನೋಂದಣಿ ಪತ್ರದಲ್ಲೇ (ಆರ್‌ಸಿ) ಬರೆದಿರುತ್ತದೆ. ಟೆಂಪೋ ಟ್ರಾವೆಲರ್ ಸಾಮಾನ್ಯವಾಗಿ ಈ ಮಿತಿಯೊಳಗೇ ಬರುತ್ತದೆ. ಐವತ್ತು ಸೀಟಿನ ದೊಡ್ಡ ಬಸ್ಸು ಬರುವುದಿಲ್ಲ, ಅದಕ್ಕೆ ಹೆವಿ ಲೈಸೆನ್ಸೇ ಬೇಕು.

ಕಾನೂನು ಬಿಟ್ಟಿತು ಅಂದ ಮಾತ್ರಕ್ಕೆ ಕಾಲೇಜು ಬಿಟ್ಟ ಹಾಗಲ್ಲ. ಗಾಡಿಯ ಮಾಲೀಕರು ಕಾಲೇಜಿನವರು. ಸರಿಯಾದ ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಟ್ಟರೆ ಮಾಲೀಕರಿಗೂ ಶಿಕ್ಷೆ ಇದೆ. ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿ ದಂಡ, ಅಥವಾ ಎರಡೂ. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಗಾಯಾಳುಗಳಿಗೆ ಪರಿಹಾರ ಕೊಟ್ಟು, ಆ ದುಡ್ಡನ್ನು ಮಾಲೀಕರಿಂದ ವಸೂಲಿ ಮಾಡಬಹುದು. ಅದಕ್ಕೇ 'ಪ್ರಿನ್ಸಿಪಾಲರು ಫೋನಿನಲ್ಲಿ ಹೂಂ ಅಂದ್ರು' ಅನ್ನೋದು ಸಾಲದು. ಯಾರು, ಯಾವ ಗಾಡಿ, ಯಾವ ದಿನ, ಎಲ್ಲಿಂದ ಎಲ್ಲಿಗೆ ಅಂತ ಬರೆದು ಸಹಿ ಮಾಡಿದ ಅನುಮತಿ ಪತ್ರ ಬೇಕು.

ನಮ್ಮ ವಿಭಾಗದಲ್ಲಿ ಒಂದು ಪಟ್ಟಿ ಇಟ್ಟಿದ್ದೆವು. ಹೊಸಬರ ಹೆಸರು ಸೇರಿಸುವ ಮುಂಚೆ ಅವರ ಲೈಸೆನ್ಸ್ ನಂಬರನ್ನು ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ಹಾಕಿ ನೋಡುತ್ತಿದ್ದೆವು. ಆಮೇಲೆ ಹಿರಿಯ ಡ್ರೈವರ್ ಒಬ್ಬರನ್ನು ಪಕ್ಕದಲ್ಲಿ ಕೂರಿಸಿ ಒಂದು ಸುತ್ತು. ಕಾರ್ ಓಡಿಸಿ ರೂಢಿಯಾದವರು ಹೆಚ್ಚಾಗಿ ಎಡವುತ್ತಿದ್ದದ್ದು ರಿವರ್ಸ್‌ನಲ್ಲಿ, ಮತ್ತೆ ಎಡಕ್ಕೆ ತಿರುಗಿಸುವಾಗ. ಉದ್ದದ ಗಾಡಿ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಕ್ಕೆ ಸರಿದು ಮೋರಿ ಅಂಚು ಹತ್ತುತ್ತದೆ.

ಇಷ್ಟು ಹೇಳಿಯೂ, ದಯವಿಟ್ಟು ನೀವು ಓಡಿಸಬೇಡಿ ಅಂತಲೇ ಹೇಳುತ್ತೇನೆ. ಶಿಬಿರಕ್ಕೆ ಹೊರಟ ಮಕ್ಕಳ ಜವಾಬ್ದಾರಿ ನಿಮ್ಮ ಮೇಲಿದೆ. ಯಾರಿಗೋ ವಾಂತಿ ಬರುತ್ತದೆ, ಇನ್ನೊಬ್ಬರು ಕಿಟಕಿಯಿಂದ ಕೈ ಹೊರಗೆ ಹಾಕುತ್ತಾರೆ. ಸ್ಟೀರಿಂಗ್ ಹಿಡಿದು ಅದನ್ನೆಲ್ಲ ನೋಡುವುದಕ್ಕೆ ಆಗಲ್ಲ ಅಲ್ವಾ? ಒಂದು ದಿನಕ್ಕೆ ಬದಲಿ ಡ್ರೈವರ್ ಕೇಳಿ.

ಫೀಲ್ಡ್ ವಿಸಿಟ್‌ಗೆ ತೋಟಕ್ಕೆ ಹೋಗುವಾಗ ಕಾಲೇಜಿನ ಪಿಕಪ್ ಹಿಂದೆ ಎಂಟು–ಹತ್ತು ವಿದ್ಯಾರ್ಥಿಗಳನ್ನು ನಿಲ್ಲಿಸಿಕೊಂಡು ಹೋಗುತ್ತಾರೆ. ಐದೇ ಕಿಲೋಮೀಟರ್ ಅಂತಾರೆ. ಸರಿನಾ?
— ವಿದ್ಯಾರ್ಥಿನಿ, ಚಿಕ್ಕಮಗಳೂರು ಜಿಲ್ಲೆ

ಸರಿಯಲ್ಲಮ್ಮ. ಪಿಕಪ್ ಸರಕು ಸಾಗಿಸುವ ಗಾಡಿ. ಹಿಂದೆ ಸುಮ್ನೆ ಸವಾರಿ ಬಂದವರಿಗೆ ಏನಾದರೂ ಆದರೆ ಇನ್ಶೂರೆನ್ಸ್ ಕಂಪನಿ ಹೊಣೆಯಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಕಾಫಿ ತೋಟದ ದಾರಿ ನಿನಗೂ ಗೊತ್ತು. ಒಂದು ಹಳ್ಳಕ್ಕೆ ಚಕ್ರ ಇಳಿದರೆ ನಿಂತವರು ಹಿಡಿದುಕೊಳ್ಳುವುದಕ್ಕೆ ಒಂದು ಕಂಬಿ ಇರುವುದಿಲ್ಲ. ಎರಡು ಟ್ರಿಪ್ ಜೀಪು ಮಾಡಲಿ. ಒಬ್ಬಳೇ ಹೇಳುವುದು ಕಷ್ಟ ಅನಿಸಿದರೆ ಕ್ಲಾಸಿನವರೆಲ್ಲ ಸೇರಿ ಬರೆದು ಕೊಡಿ.

ಮಗಳು ದಿನಾ ಸಕಲೇಶಪುರದಿಂದ ಹಾಸನಕ್ಕೆ ಕಾಲೇಜು ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಬಸ್ಸು ಹಳೆಯದು. ನಾವು ಏನಾದರೂ ವಿಚಾರಿಸಬಹುದಾ?
— ಪೋಷಕರು

ಖಂಡಿತ. ಬಸ್ಸಿನ ನಂಬರನ್ನು ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ. ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಪ್ರಮಾಣಪತ್ರ) ಮತ್ತು ಇನ್ಶೂರೆನ್ಸ್ ಎಲ್ಲಿಯವರೆಗೆ ಇದೆ ಅಂತ ನಿಮ್ಮ ಮೊಬೈಲಿನಲ್ಲೇ ಕಾಣಿಸುತ್ತದೆ. ಎಂಟು ವರ್ಷ ದಾಟಿದ ಬಸ್ಸಿಗೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಟೈರಿನ ಹಲ್ಲು ಸವೆದು 1.6 ಮಿಲಿಮೀಟರ್‌ಗಿಂತ ಕಡಿಮೆ ಆಗಿರಬಾರದು. ತುರ್ತು ಬಾಗಿಲು ಒಳಗಿನಿಂದ ತೆರೆಯುತ್ತದಾ, ಅದಕ್ಕೆ ಅಡ್ಡ ಸೀಟು ಹಾಕಿದ್ದಾರಾ ಅಂತ ನೋಡಲು ಮಗಳಿಗೆ ಹೇಳಿ. ಸಂಶಯ ಬಂದರೆ ಕಾಲೇಜಿಗೆ ಬರೆಯಿರಿ, ಪ್ರತಿಯನ್ನು ಆರ್‌ಟಿಒ ಕಚೇರಿಗೆ ಕೊಡಿ.

ನಾನು ಕಾಲೇಜು ಬಸ್ ಡ್ರೈವರ್. ಬೆಳಗಿನ ಜಾವ 4ಕ್ಕೆ ಚಿಕ್ಕಮಗಳೂರು ಬಿಟ್ಟು, ಧರ್ಮಸ್ಥಳ, ಮಂಗಳೂರು ಮುಗಿಸಿ ರಾತ್ರಿ 12ಕ್ಕೆ ವಾಪಸ್ ಬರಬೇಕು ಅಂತಾರೆ. ಒಬ್ಬನೇ ಡ್ರೈವರ್. ಆಗಲ್ಲ ಅಂದರೆ ಬೇಜಾರು ಮಾಡ್ಕೋತಾರೆ. ಏನು ಮಾಡಲಿ ಸರ್?

ನಿಮ್ಮ ಪತ್ರ ಓದಿ ಹಳೆಯದೊಂದು ದಿನ ನೆನಪಾಯಿತು. ಜುಲೈ ತಿಂಗಳು, ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ನಾನು ಡ್ರೈವರ್ ಪಕ್ಕದಲ್ಲಿದ್ದೆ. ಮಂಜು ಎಷ್ಟಿತ್ತು ಅಂದರೆ ರಸ್ತೆಯ ಬಿಳಿ ಗೆರೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ನಾಲ್ಕೈದು ತಿರುವು ಇಳಿಯುವಷ್ಟರಲ್ಲಿ ಬ್ರೇಕ್ ಲೈನರ್ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಡ್ರೈವರ್ ಮಾತಾಡಲಿಲ್ಲ. ಅಗಲ ಇದ್ದ ಕಡೆ ಬದಿಗೆ ತಂದು ನಿಲ್ಲಿಸಿದರು, ಇಳಿದು ಚಕ್ರಕ್ಕೆ ಕಲ್ಲು ಕೊಟ್ಟರು. ಮಕ್ಕಳು ನೀರಿನ ಬಾಟಲಿ ಹಿಡಿದು ಓಡಿ ಬಂದರು. "ಹಾಕಬೇಡಿ, ಡ್ರಮ್ ಸೀಳುತ್ತೆ" ಅಂತ ಡ್ರೈವರ್ ತಡೆದರು. ತಣ್ಣಗಾಗುವ ತನಕ ಕಾದೆವು.

ಅವರು ಒಳ್ಳೆಯ ಡ್ರೈವರ್. ಬೇರೆ ದಿನ ಆಗಿದ್ದರೆ ಮೊದಲೇ ಗೇರ್ ಇಳಿಸುತ್ತಿದ್ದರು. ಆ ದಿನ ಬೆಳಗಿನ ಜಾವ ಮೂರಕ್ಕೆ ಎದ್ದಿದ್ದರು, ಹಿಂದಿನ ರಾತ್ರಿ ಬೇರೊಂದು ಟ್ರಿಪ್ ಮುಗಿಸಿ ತಡವಾಗಿ ಮನೆ ಸೇರಿದ್ದರು. ದಣಿದ ಕಾಲು ತಾನಾಗಿಯೇ ಬ್ರೇಕ್ ಮೇಲೆ ಕೂತಿತ್ತು. ಆ ಟ್ರಿಪ್ ಶೀಟಿಗೆ ಸಹಿ ಹಾಕಿದ್ದು ನಾನು. ಕೇಳಬೇಕಿತ್ತು, ಕೇಳಿರಲಿಲ್ಲ. ಮಾರನೇ ವಾರದಿಂದ ಟ್ರಿಪ್ ಶೀಟಿನಲ್ಲಿ 'ನಿನ್ನೆ ರಾತ್ರಿ ಎಷ್ಟು ಹೊತ್ತಿಗೆ ಮಲಗಿದ್ದು' ಅಂತ ಒಂದು ಸಾಲು ಸೇರಿಸಿದೆ.

ಈಗ ನಿಮ್ಮ ವಿಷಯ. ಸಾರಿಗೆ ವಾಹನದ ಡ್ರೈವರುಗಳ ದುಡಿಮೆಗೆ ಕಾನೂನು ಮಿತಿ ಹಾಕಿದೆ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹಾಕಿಕೊಟ್ಟಿದ್ದ ಲೆಕ್ಕ ದಿನಕ್ಕೆ 8 ಗಂಟೆ, ವಾರಕ್ಕೆ 48. ಅದರ ಜಾಗಕ್ಕೆ ಬಂದ ಕಾರ್ಮಿಕ ಸಂಹಿತೆಯಲ್ಲೂ ದಿನಕ್ಕೆ 8 ಗಂಟೆಯೇ. ಹಳೆಯ ಕಾಯ್ದೆಯಲ್ಲಿ ಐದು ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಡುವೂ ಇತ್ತು. ನಿಮಗೆ ಹೇಳಿರುವುದು ಇಪ್ಪತ್ತು ಗಂಟೆ. ಅದೂ ಎರಡು ಸಲ ಘಾಟಿ. ವಾಪಸ್ ಹತ್ತುವುದು ರಾತ್ರಿ ಹೊತ್ತು, ಮಂಜಿನಲ್ಲಿ.

'ಆಗಲ್ಲ' ಅಂತ ಬಾಯಲ್ಲಿ ಹೇಳಿದರೆ ಬೇಜಾರು ಮಾಡಿಕೊಳ್ಳಬಹುದು. ಕಾಗದದಲ್ಲಿ ದಾರಿ ತೋರಿಸಿ. "ಟ್ರಿಪ್ 20 ಗಂಟೆ ಆಗುತ್ತದೆ. ಇನ್ನೊಬ್ಬ ಡ್ರೈವರ್ ಕೊಡಿ, ಅಥವಾ ಧರ್ಮಸ್ಥಳದಲ್ಲಿ ರಾತ್ರಿ ಉಳಿಯುವ ಹಾಗೆ ಮಾಡಿ" ಅಂತ ಬರೆದು, ಒಂದು ಪ್ರತಿಗೆ ಕಚೇರಿಯ ಸೀಲು ಹಾಕಿಸಿಕೊಳ್ಳಿ. ಬರೆದು ಕೊಟ್ಟದ್ದನ್ನು ಓದಿಯೂ ಒಬ್ಬರನ್ನೇ ಕಳಿಸಲು ಸಹಿ ಹಾಕುವವರು ಕಡಿಮೆ.

ಘಾಟಿ ಇಳಿಯುವ ವಿದ್ಯೆ ನಿಮಗೆ ಹೊಸದಲ್ಲ. ಆದರೂ ನಿಮ್ಮ ಜೊತೆ ಬರುವ ಹೊಸ ಹುಡುಗರಿಗಾಗಿ ಹೇಳುತ್ತೇನೆ. ಹತ್ತುವಾಗ ಬೇಕಾಗುವ ಗೇರಿನಲ್ಲೇ ಇಳಿಯಬೇಕು. ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡಲೇಬಾರದು. ಎಕ್ಸಾಸ್ಟ್ ಬ್ರೇಕ್ (ಎಂಜಿನ್ನಿನ ಹೊಗೆ ತಡೆದು ವೇಗ ತಗ್ಗಿಸುವ ಬ್ರೇಕ್) ಇದ್ದರೆ ಬಳಸಿ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ತಿರುಗಿ ನಮ್ಮ ಕಣ್ಣಿಗೇ ಬಡಿಯುತ್ತದೆ, ಲೋ ಬೀಮ್ ಇರಲಿ. ರಸ್ತೆ ಕಿರಿದಾದ ಕಡೆ ಮೇಲೆ ಹತ್ತುವ ಗಾಡಿಗೆ ಮೊದಲು ದಾರಿ. ಏನಾದರೂ ಹೆಚ್ಚುಕಡಿಮೆ ಆದರೆ 112 ಅಥವಾ 108ಕ್ಕೆ ಫೋನ್ ಮಾಡಿ, ಗಾಯಾಳುಗಳನ್ನು ಆಸ್ಪತ್ರೆಗೆ ಸೇರಿಸಿ, ಪೊಲೀಸರಿಗೆ ತಿಳಿಸಿ. ಇದು ಡ್ರೈವರಿನ ಕಾನೂನಿನ ಕರ್ತವ್ಯ ಕೂಡ.

ಇನ್ನೊಂದು ಮಾತು. ಕೊಟ್ಟಿಗೆಹಾರದಲ್ಲಿ ಎಲ್ಲರೂ ನೀರುದೋಸೆಗೆ ಇಳಿಯುತ್ತಾರೆ. ಆ ಹೊತ್ತಿನಲ್ಲಿ ಬಸ್ಸು ತೊಳಿ, ಲಗೇಜು ಎತ್ತು ಅಂತ ನಿಮಗೆ ಕೆಲಸ ಹೇಳಿದರೆ ಒಪ್ಪಬೇಡಿ. ನೀವೂ ಕೂತು ತಿನ್ನಿ, ಸೀಟಿನಲ್ಲಿ ಹತ್ತು ನಿಮಿಷ ಕಣ್ಣು ಮುಚ್ಚಿ, ಆಮೇಲೆ ಟಾರ್ಚ್ ಹಿಡಿದು ಎಲ್ಲ ಚಕ್ರ ನೋಡಿಕೊಂಡು ಇಳಿಯಲು ಶುರು ಮಾಡಿ.