25 ನಿಮಿಷಕ್ಕೊಮ್ಮೆ ಅಲಾರಾಂ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ತಾಯಿಯೊಬ್ಬರು ಮಗನನ್ನು ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಕರೆದುಕೊಂಡು ಬಂದಿದ್ದರು. ಹುಡುಗನಿಗೆ 23. ಬಿ.ಕಾಂ. ಮುಗಿಸಿ ಮನೆಯಿಂದಲೇ ಬಿಲ್ಲಿಂಗ್ ಕೆಲಸ ಮಾಡುತ್ತಾನೆ, ಅಪ್ಪ ಗಲ್ಫ್‌ನಲ್ಲಿ. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ, ಬರೆಯಲು ಅವನ ಒಪ್ಪಿಗೆ ಇದೆ.) ತಾಯಿಯ ದೂರು ಇಷ್ಟೇ: ಮಾಳಿಗೆಯ ಕೋಣೆಯಲ್ಲಿ ರಾತ್ರಿಯಿಡೀ 25 ನಿಮಿಷಕ್ಕೊಮ್ಮೆ ಅಲಾರಾಂ ಹೊಡೆಯುತ್ತದೆ, ಬೆಳಿಗ್ಗೆ ನೋಡಿದರೆ ಮಗನ ಕಣ್ಣು ಕೆಂಡ. ನನ್ನ ಹತ್ತಿರ ಬರುವ ಮೊದಲು ಜ್ಯೋತಿಷಿಯ ಹತ್ತಿರ ಪ್ರಶ್ನೆ ಕೂಡ ಇಡಿಸಿದ್ದರಂತೆ.

ನಾನು ಮೊದಲ ದಿನವೇ ಒಂದು ತಪ್ಪು ಮಾಡಿದೆ. ದಿನಕ್ಕೆ ಎಷ್ಟು ಹೊತ್ತು ಗೇಮ್ ಆಡ್ತೀಯಾ ಅಂತ ಕೇಳಿಬಿಟ್ಟೆ. "ಗೇಮ್ ಅಲ್ಲ ಮೇಡಂ, ಸಿಮ್" ಅಂದವನು (ಸಿಮ್ಯುಲೇಟರ್, ಅಂದರೆ ಕಂಪ್ಯೂಟರಿನಲ್ಲಿ ನಿಜದ ಹಾಗೆಯೇ ವಿಮಾನ ಹಾರಿಸುವುದು) ಮತ್ತೆ ಬಾಯಿ ಬಿಡಲಿಲ್ಲ. ಎರಡನೇ ಸಲ ಬಂದಾಗ, ನಂಗೆ ಇದೆಲ್ಲ ಗೊತ್ತಿಲ್ಲ, ನೀನೇ ಹೇಳಿಕೊಡು ಅಂದೆ. ಒಂದೂವರೆ ಗಂಟೆ ನಿಲ್ಲಿಸದೆ ಮಾತಾಡಿದ.

ವ್ಯಾಟ್‌ಸಿಮ್ ಅಂತ ಒಂದು ಜಾಲ ಇದೆ, 2001ರಿಂದ ನಡೆಯುತ್ತಿದೆ. ಅಲ್ಲಿ ವಿಮಾನ ಮಾತ್ರ ಸುಳ್ಳು. ಹಾರಿಸುವವರೂ ನಿಜವಾದ ಮನುಷ್ಯರು, ನೆಲದಿಂದ ದಾರಿ ಹೇಳುವ ಕಂಟ್ರೋಲರ್ ಆಗಿ ಮಾತಾಡುವವರೂ ನಿಜವಾದ ಮನುಷ್ಯರು. ಅರ್ಧ ಗಂಟೆಗಿಂತ ಜಾಸ್ತಿ ಕಂಪ್ಯೂಟರ್ ಬಿಟ್ಟು ಹೋಗಬಾರದು ಅನ್ನುವುದು ಅಲ್ಲಿಯ ನಿಯಮ. ಅದಕ್ಕೇ ಈ ಅಲಾರಾಂ! ಇವನು ಸೇರಿರುವ ವರ್ಚುವಲ್ ಏರ್‌ಲೈನ್‌ನಲ್ಲಿ (ಹೀಗೆ ಹಾರಿಸುವವರ ಒಂದು ಕೂಟ) ತಿಂಗಳಿಗೆ ಯಾರು ಎಷ್ಟು ಗಂಟೆ ಹಾರಿದರು, ಯಾರು ಎಷ್ಟು ಮೆತ್ತಗೆ ಇಳಿಸಿದರು ಅಂತ ಪಟ್ಟಿ ಹಾಕುತ್ತಾರೆ. ಎರಡರಲ್ಲೂ ಇವನೇ ಮೊದಲು. ಆಮೇಲೆ ಎಲ್ಲಿಯವನೋ ಒಬ್ಬ ಗಂಟೆಯಲ್ಲಿ ಇವನನ್ನು ದಾಟಿದ. ಅಲ್ಲಿಂದ ಶುರು ನೋಡಿ, ಸಿಂಗಪುರದಿಂದ ನ್ಯೂಯಾರ್ಕ್‌ಗೆ ಸುಮಾರು 15,300 ಕಿಲೋಮೀಟರು, 18 ಗಂಟೆ ದಾಟುವ ಹಾರಾಟ, ವಾರಕ್ಕೆ ಮೂರು ಸಲ, ನಡುವೆ ಬಿಲ್ಲಿಂಗ್ ಕೆಲಸ, 25 ನಿಮಿಷದ ತುಂಡು ತುಂಡು ನಿದ್ದೆ.

ಆ ದಾರಿಯಲ್ಲಿ ನಿಜವಾದ ವಿಮಾನಕ್ಕೆ ಎಷ್ಟು ಜನ ಪೈಲಟ್ ಅಂತ ಕೇಳಿದೆ. ನಾಲ್ಕು, ಸರದಿಯಲ್ಲಿ ಮಲಗುತ್ತಾರೆ ಅಂದ. ನಾನು ಮುಂದೆ ಏನೂ ಹೇಳಲಿಲ್ಲ. ಅವನೇ ಇನ್ನೊಂದು ಕತೆ ಹೇಳಿದ: 1958ರ ಡಿಸೆಂಬರ್ 4ರಂದು ಲಾಸ್ ವೇಗಸ್‌ನಲ್ಲಿ ಟಿಮ್, ಕುಕ್ ಅಂತ ಇಬ್ಬರು ಒಂದು ಪುಟ್ಟ ಸೆಸ್ನಾ 172 ಹತ್ತಿ 64 ದಿನ ಕೆಳಗಿಳಿಯಲೇ ಇಲ್ಲವಂತೆ. ಕದ್ದು ಇಳಿದರೆ ಗೊತ್ತಾಗಲಿ ಅಂತ ಚಕ್ರಕ್ಕೆ ಬಿಳಿ ಬಣ್ಣ ಬಳಿದಿದ್ದರು. ಸರದಿಯಲ್ಲಿ ಮಲಗುತ್ತಿದ್ದರೂ ಒಮ್ಮೆ ಟಿಮ್ ಹಾರಿಸುತ್ತಲೇ ನಿದ್ದೆ ಹೋದ, ವಿಮಾನ ತನ್ನಷ್ಟಕ್ಕೇ ಹೋಗುತ್ತಿತ್ತು.

ಬಿಳಿ ಬಣ್ಣದ ಮಾತು ಬಂದಾಗ ಅವನ ದನಿ ಇಳಿಯಿತು. ಒಂದು ಸಲ ಸಿಮ್ ರೇಟ್, ಅಂದರೆ ಸಿಮ್‌ನಲ್ಲಿ ಸಮಯ ಓಡುವ ವೇಗ, ನಾಲ್ಕು ಪಟ್ಟು ಮಾಡಿ, ಸಮುದ್ರ ಬೇಗ ದಾಟಿ, ಪೂರ್ತಿ ಗಂಟೆ ಬರೆದುಕೊಂಡಿದ್ದನಂತೆ. ಯಾರಿಗೂ ಗೊತ್ತಾಗಿಲ್ಲ. ಎದೆಯ ಮೇಲೆ ಕೂತಿದ್ದದ್ದು ನಿದ್ದೆಗಿಂತ ಜಾಸ್ತಿ ಅದೇ ಇರಬೇಕು.

ಇಳಿಸುವ ದಾಖಲೆಯದ್ದು ಬೇರೆಯೇ ಕತೆ. ನೆಲ ಮುಟ್ಟುವಾಗ ನಿಮಿಷಕ್ಕೆ ಎಷ್ಟು ಅಡಿ ವೇಗದಲ್ಲಿ ಕೆಳಗೆ ಬರುತ್ತಿತ್ತು ಅನ್ನುವುದೇ ಅಂಕ. ಇವನದ್ದು 42, ಇವರ ಭಾಷೆಯಲ್ಲಿ 'ಬಟರ್'. ಎಲ್ಲಿ ಇಳಿಸಿದ್ದು? ನಮ್ಮ ಬಜಪೆಯಲ್ಲಿ, ಅಂದರೆ ಮಂಗಳೂರು ವಿಮಾನ ನಿಲ್ದಾಣದಲ್ಲಿ, ಸಿಮ್‌ನಲ್ಲಿ ಮಳೆ ಹಾಕಿಕೊಂಡು. ಬೆಣ್ಣೆಯ ಹಾಗೆ ಇಳಿಸುವ ಆಸೆಯಲ್ಲಿ ತೇಲಿಸಿ ತೇಲಿಸಿ, ಚಕ್ರ ಮುಟ್ಟುವಾಗ 2,450 ಮೀಟರ್ ರನ್‌ವೇಯ ಅರ್ಧ ಮುಗಿದಿತ್ತು. ಪಟ್ಟಿಗೆ ಅದು ಕಾಣುವುದಿಲ್ಲ. ಒದ್ದೆ ರನ್‌ವೇಯಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಇಳಿಸಬೇಕು, ಆಗಲೇ ಟಯರ್ ನೀರು ಸೀಳಿ ನೆಲ ಹಿಡಿಯುತ್ತದೆ, ಬ್ರೇಕ್ ಹತ್ತುತ್ತದೆ ಅಂತ ಅವನೇ ನನಗೆ ಪಾಠ ಮಾಡಿದ. ಗೊತ್ತಿದ್ದೂ ಯಾಕೆ ಮತ್ತೆ ಅಂದದ್ದಕ್ಕೆ, "ಅಂಕ ಬರೋದಿಲ್ಲ ಮೇಡಂ" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, 2010 ಮೇ 22 ಅಂದ. ನಾನಾಗಿ ಅದನ್ನು ಎತ್ತುತ್ತಿರಲಿಲ್ಲ. ದುಬೈಯಿಂದ ಬಂದು ಬಜಪೆಯಲ್ಲಿ ಅಪಘಾತವಾದ ವಿಮಾನ, 158 ಜೀವ, ನಮ್ಮ ಜಿಲ್ಲೆಯ ಎಷ್ಟೋ ಮನೆಯವರು. ಚಕ್ರ ರನ್‌ವೇಯ ಅರ್ಧ ಕಳೆದ ಮೇಲೆ ನೆಲ ಮುಟ್ಟಿತ್ತು. ಕ್ಯಾಪ್ಟನ್ ಹಾರಾಟದಲ್ಲಿ ಒಂದೂವರೆ ಗಂಟೆಗೂ ಜಾಸ್ತಿ ನಿದ್ದೆಯಲ್ಲಿದ್ದರು ಅಂತ ತನಿಖೆಯಲ್ಲಿ ಬಂದಿದೆ. ಅವನಿಗೆ ಎಲ್ಲ ಗೊತ್ತು, ನಾನು ಸೇರಿಸುವುದಕ್ಕೆ ಏನೂ ಇರಲಿಲ್ಲ.

ಪೈಲಟ್ ಆಗುವ ಆಸೆ ಇತ್ತಾ ಅಂತ ಕೇಳಿದ್ದು ಕೊನೆಗೆ. ಪ್ಲಸ್ ಟುನಲ್ಲಿ ಫಿಸಿಕ್ಸ್, ಮ್ಯಾಥ್ಸ್ ಬಿಟ್ಟು ಕಾಮರ್ಸ್ ತೆಗೆದುಕೊಂಡದ್ದರಿಂದ ಬಾಗಿಲು ಮುಚ್ಚಿತು, ಮೇಲಿಂದ ಖರ್ಚಿಗೆ ಅರ್ಧ ತೋಟ ಮಾರಬೇಕು, ಅಪ್ಪ ಒಪ್ಪಲಿಲ್ಲ. ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದದ್ದು 200 ಗಂಟೆ. "ನಂದು 1,900 ಆಗಿದೆ. ಅದ್ರಲ್ಲಿ ಒಂದು ಗಂಟೆಯೂ ಲೆಕ್ಕಕ್ಕಿಲ್ಲ."

ಊಟ, ಬೇಸರ, ಸಾಯುವ ಯೋಚನೆ ಎಲ್ಲ ಕೇಳಿದೆ, ಭಯಪಡುವಂಥದ್ದು ಇರಲಿಲ್ಲ. ಎರಡು ವಾರದಲ್ಲಿ ನಿದ್ದೆ ಸರಿಯಾಗದಿದ್ದರೆ ಡಾಕ್ಟರ ಹತ್ತಿರ ಕಳಿಸುತ್ತೇನೆ ಅಂತ ಮೊದಲೇ ಹೇಳಿಟ್ಟೆ. ಸಿಮ್ ನಿಲ್ಲಿಸು ಅನ್ನಲಿಲ್ಲ. ತಾಯಿಗೆ ಇದು ಹಿಡಿಸಲಿಲ್ಲ, ಕಂಪ್ಯೂಟರ್ ಮಾರಿಸುತ್ತೇನೆ ಅಂದುಕೊಂಡು ಬಂದಿದ್ದರು ಪಾಪ. ರಾತ್ರಿಯ ದೂರದ ಹಾರಾಟ ಬೇಕಿದ್ದರೆ ಜಾಲಕ್ಕೆ ಸೇರದೆ ಮಾಡು, ಆಟೋಪೈಲಟ್ ಹಾಕಿ ಮಲಗು, ಆ ಗಂಟೆ ಪಟ್ಟಿಗೆ ಹೋಗದಿದ್ದರೆ ಹೋಗದಿರಲಿ ಅಂದೆ. ಜಾಲದಲ್ಲಿ ಹಾರುವುದಾದರೆ ಸಂಜೆ, ಮಂಗಳೂರು–ಬೆಂಗಳೂರಿನಂಥ ಒಂದು ಗಂಟೆಯ ದಾರಿ. ಇಳಿಸಿದ ಮೇಲೆ ಅಂಕದ ಪಕ್ಕದಲ್ಲಿ ಚಕ್ರ ಎಲ್ಲಿ ಮುಟ್ಟಿತು ಅಂತಲೂ ಬರೆದಿಡು. ಆ ಸುಳ್ಳು ಗಂಟೆಯ ವಿಷಯ ನಿನಗೆ ಬಿಟ್ಟದ್ದು, ಆದರೆ ಹೇಳುವುದಾದರೆ ಯಾರಾದರೂ ಹಿಡಿಯುವ ಮೊದಲೇ ಹೇಳು ಅಂದೆ. ಓಪನ್ ಸ್ಕೂಲ್‌ನಲ್ಲಿ ಫಿಸಿಕ್ಸ್, ಮ್ಯಾಥ್ಸ್ ಎರಡನ್ನೇ ಕಟ್ಟಿ ಬರೆಯಬಹುದು, ಅದು ಗೊತ್ತಿತ್ತಾ? ಗೊತ್ತಿರಲಿಲ್ಲ. ಓದಲೇಬೇಕು ಅಂತಿಲ್ಲ, ವಿಚಾರಿಸಿ ನೋಡು ಅಂದೆ. ತಾಯಿಗೆ ಹೇಳಿದ್ದು ಒಂದೇ: ವಾರಕ್ಕೊಂದು ಲ್ಯಾಂಡಿಂಗ್ ಪಕ್ಕದಲ್ಲಿ ಕೂತು ನೋಡಿ, ಬೈಯದೆ.

ಒಂದೂವರೆ ತಿಂಗಳಾದ ಮೇಲೆ ಇಬ್ಬರೂ ಬಂದರು. ಪಟ್ಟಿ ನಡೆಸುವವರಿಗೆ ತಾನೇ ಬರೆದು ಆ ಗಂಟೆಗಳನ್ನು ತೆಗೆಸಿದ್ದಾನೆ, ಈಗ 14ನೇ ಸ್ಥಾನ. ನೋಡುವುದನ್ನು ಬಿಟ್ಟಿಲ್ಲ, ದಿನಾ ನೋಡುತ್ತಾನಂತೆ. ಅಲಾರಾಂ ಬೆಳಿಗ್ಗೆ ಒಂದೇ ಸಲ ಹೊಡೆಯುತ್ತದೆ, ಅದಕ್ಕೆ ಏಳುವುದಿಲ್ಲ ಅನ್ನುವುದು ತಾಯಿಯ ಹೊಸ ದೂರು. ಓಪನ್ ಸ್ಕೂಲ್ ವಿಚಾರಿಸಿಲ್ಲ. ಹೋದ ವಾರ ಬಜಪೆಯಲ್ಲಿ ಇಳಿಸುವಾಗ ಪಕ್ಕದಲ್ಲಿದ್ದ ತಾಯಿ "ಎಂತದಾ ಇದು, ದೊಪ್ಪ ಹಾಕಿದ್ದು?" ಅಂತ ಕೇಳಿದರಂತೆ. "210 ಅಮ್ಮ. ಮಳೆ ಉಂಟಲ್ಲ, ಹೀಗೇ ಇಳಿಸ್ಬೇಕು."