ಟಿಆರ್‌ಪಿ ಇಲ್ಲದವರಿಗೆ ಎರಡು ಪುಟ ಯಾಕೆ?

ಪತ್ರ: ಕಳೆದ ಸಂಚಿಕೆಯಲ್ಲಿ ದೂರದರ್ಶನದ ನಿವೃತ್ತ ನಿರ್ಮಾಪಕರೊಬ್ಬರ ಬಗ್ಗೆ ಎರಡು ಪುಟ ಬರೆದಿದ್ದೀರಿ. ಜೀವಮಾನವೆಲ್ಲ ರೈತರ ಕಾರ್ಯಕ್ರಮ ಮಾಡಿದರಂತೆ. ಟಿಆರ್‌ಪಿ ಇಲ್ಲ, ಯಾರೂ ನೋಡಲಿಲ್ಲ. ತಿಂಗಳಾದರೆ ಸಂಬಳ ಬರುತ್ತಿತ್ತು, ಮಾಡಿದರು. ಇದರಲ್ಲಿ ಸಾಧನೆ ಏನು ಬಂತು? ನಾನಂತೂ ಚಂದನದಲ್ಲಿ ‘ಥಟ್ ಅಂತ ಹೇಳಿ’ ಬಿಟ್ಟು ಬೇರೇನೂ ನೋಡಿಲ್ಲ.
– ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ನಿಮ್ಮ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಸರ್ಕಾರಿ ಟಿವಿಯಲ್ಲಿ ಎಲ್ಲವೂ ನಿಧಾನ, ಕೆಲವು ಕಾರ್ಯಕ್ರಮ ನೋಡಿದರೆ ಆಕಳಿಕೆ ಬರುತ್ತಿತ್ತು. ಆದರೆ ‘ಯಾರೂ ನೋಡಲಿಲ್ಲ’ ಅಂತ ಯಾವ ಲೆಕ್ಕದಲ್ಲಿ ಹೇಳಿದಿರಿ?

ಟಿಆರ್‌ಪಿ ಲೆಕ್ಕದಲ್ಲಿ ಅಲ್ವಾ? ನೋಡುಗರನ್ನು ಎಣಿಸುವ ಆ ಮೀಟರ್ ಬಹಳ ಕಾಲ ಪಟ್ಟಣದ ಮನೆಗಳಲ್ಲಿ ಮಾತ್ರ ಇತ್ತು. ಹಳ್ಳಿ ಮನೆಗಳು ಲೆಕ್ಕಕ್ಕೆ ಸೇರಿದ್ದು 2015ರಲ್ಲಿ, ಟಿವಿ ನೋಡುಗರನ್ನು ಎಣಿಸುವ ಬಾರ್ಕ್ ಎಂಬ ಸಂಸ್ಥೆ ಬಂದ ಮೇಲೆ. ಆ ಹೊತ್ತಿಗೆ ನಾವು ಬರೆದ ಹಿರಿಯರು ನಿವೃತ್ತರಾಗಿಬಿಟ್ಟಿದ್ದರು. ಅವರ ನೋಡುಗರು ಹಳ್ಳಿಯವರು. ಎಣಿಸದೇ ಬಿಟ್ಟವರನ್ನು ಇಲ್ಲವೇ ಇಲ್ಲ ಅನ್ನುವುದು ಸರಿಯಲ್ಲ.

ಬೆಂಗಳೂರಿನವರು ಮರೆತ ಇನ್ನೊಂದು ಸಂಗತಿ ಇದೆ. ಟಿವಿ ನಮ್ಮ ರಾಜ್ಯದಲ್ಲಿ ಮೊದಲು ಇಳಿದದ್ದು ಬೆಂಗಳೂರಿಗಲ್ಲ. 1975ರ ಆಗಸ್ಟ್‌ನಲ್ಲಿ ಇಸ್ರೊ ಮತ್ತು ನಾಸಾ ಸೇರಿ ‘ಸೈಟ್’ ಪ್ರಯೋಗ ಶುರು ಮಾಡಿದವು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರ ಟಿವಿ. ನಮ್ಮಲ್ಲಿ ರಾಯಚೂರು, ಬಿಜಾಪುರ, ಗುಲ್ಬರ್ಗ ಜಿಲ್ಲೆಗಳ ಹಳ್ಳಿಗಳು. ಕೋಳಿಗೂಡಿಗೆ ಹಾಕುವ ತಂತಿ ಬಲೆಯಿಂದ ಮಾಡಿದ ಹತ್ತಡಿ ಆಂಟೆನಾ, ಊರಿಗೊಂದು ಸೆಟ್, ಅದರ ಮುಂದೆ ಇಡೀ ಊರು. 1977ರಲ್ಲಿ ಗುಲ್ಬರ್ಗಕ್ಕೆ ಕೇಂದ್ರ ಬಂತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ!

ಇನ್ನು ಸಂಬಳದ ಮಾತು. ಶಿಡ್ಲಘಟ್ಟದ ಕಡೆಯ ಒಂದು ರೇಷ್ಮೆ ಹುಳ ಸಾಕುವ ಮನೆಗೆ ಚಿತ್ರೀಕರಣದ ತಂಡದ ಜೊತೆ ನಾನೂ ಹೋಗಿದ್ದೆ. ಯು-ಮ್ಯಾಟಿಕ್ ಅನ್ನುವ ವಿಡಿಯೊ ಟೇಪಿನ ಕಾಲ. ಕ್ಯಾಮೆರಾ ಒಬ್ಬರ ಹೆಗಲಲ್ಲಿ, ರೆಕಾರ್ಡರ್ ಇನ್ನೊಬ್ಬರ ಹೆಗಲಲ್ಲಿ, ನಡುವೆ ಕೇಬಲ್. ಒಂದು ಟೇಪಿಗೆ 20 ನಿಮಿಷ. ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು ಒಳಗೆ ಹೋದೆವು. ಲೈಟ್ ಹಾಕಲು ಹೊರಟಾಗ ಮನೆಯಾಕೆ ತಡೆದರು. ‘ಬೆಳಕು ಜಾಸ್ತಿಯಾದ್ರೆ ಹುಳ ಒಂದೇ ಕಡೆ ಗುಂಪು ಕಟ್ಟುತ್ತೆ’ ಅಂದರು. ನಿರ್ಮಾಪಕರು ಲೈಟ್ ಎತ್ತಿಸಿ, ಒಂದು ಕಿಟಕಿ ಮಾತ್ರ ತೆಗೆಸಿದರು.

ಆದರೆ ಏನು ಕೇಳಿದರೂ ಉತ್ತರ ಕೊಡುತ್ತಿದ್ದವರು ಗಂಡ. ‘ಯಜಮಾನ್ರೇ, ಇವರಿಗೆ ಸ್ವಲ್ಪ ಹಿಪ್ಪುನೇರಳೆ ತೋಟ ತೋರಿಸ್ಕೊಂಡು ಬನ್ನಿ’ ಅಂತ ನಿರ್ಮಾಪಕರು ಅವರನ್ನು ನನ್ನ ಜೊತೆ ಸಾಗಹಾಕಿದರು. ನಾವು ವಾಪಸು ಬರುವಷ್ಟರಲ್ಲಿ ಆಕೆ ಯಾವ ಜ್ವರ (ಹುಳ ಪೊರೆ ಬಿಡುವ ಹಂತ) ಎದ್ದ ಮೇಲೆ ಎಂಥ ಸೊಪ್ಪು ಹಾಕಬೇಕು, ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳವನ್ನು ಹೇಗೆ ಗುರುತು ಹಿಡಿದು ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು ಎಲ್ಲವನ್ನೂ ಟೇಪ್ ಮುಗಿಯುವವರೆಗೆ ಹೇಳಿದ್ದರು. ಹುಳ ಸಾಕಿದವರು ಅವರೇ. ಇದು ಸುಮ್ನೆ ಸಂಬಳಕ್ಕೆ ಮಾಡುವ ಕೆಲಸವಲ್ಲ. ಯಾರು ಮಾತಾಡಬೇಕು ಅಂತ ಕಂಡುಹಿಡಿಯುವುದೇ ಆ ವೃತ್ತಿಯ ಅರ್ಧ.

ನೀವು ಮೆಚ್ಚಿದ ‘ಥಟ್ ಅಂತ ಹೇಳಿ’ಯನ್ನೇ ತೆಗೆದುಕೊಳ್ಳಿ. 2002ರಿಂದ ಡಾ. ನಾ. ಸೋಮೇಶ್ವರ ಅವರು ಸರಿಯುತ್ತರಕ್ಕೆ ಪುಸ್ತಕ ಕೊಡುತ್ತಾ ಬಂದಿದ್ದಾರೆ. ಕೋಟಿ ರೂಪಾಯಿಯ ಆಸೆ ಇಲ್ಲದೆಯೂ ನೀವು ನೋಡಿದಿರಿ. ನಿಮ್ಮಂಥ ನೋಡುಗರನ್ನು ನಂಬಿದವರು ಜೆ.ಸಿ. ನಗರದ ಆ ದೂರದರ್ಶನ ಕಟ್ಟಡದಲ್ಲೇ ಇದ್ದರು ಅಲ್ವಾ?

ಈಗ ಎಷ್ಟೊಂದು ಕನ್ನಡ ಚಾನೆಲ್‌ಗಳಿವೆ. ಅವುಗಳಲ್ಲಿ ಶಿಡ್ಲಘಟ್ಟ ಕಾಣಿಸುವುದು ಯಾವಾಗ? ಕೊಲೆಯಾದರೆ, ಕೆರೆ ಒಡೆದರೆ, ಮಂತ್ರಿ ಬಂದರೆ. ರೇಷ್ಮೆ ಗೂಡಿನ ರೇಟು ಬಿದ್ದರೆ ಒಂದು ಸಾಲು ಕೆಳಗೆ ಓಡುತ್ತದೆ, ಅಷ್ಟೆ. ಊರಿನವರು ಪೂರ್ತಿ ವಾಕ್ಯ ಮಾತಾಡುವಷ್ಟು ಹೊತ್ತು ಕ್ಯಾಮೆರಾ ಯಾರ ಮುಂದೆಯೂ ನಿಲ್ಲುತ್ತಿಲ್ಲ. ಇದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಆಗಿನ ಟೇಪಿಗೆ ದುಬಾರಿ ಬೆಲೆ. ಒಂದು ಕಾರ್ಯಕ್ರಮ ಅಳಿಸಿ ಅದರ ಮೇಲೆ ಇನ್ನೊಂದು ತುಂಬುವುದು ಜಗತ್ತಿನ ಟಿವಿ ಕೇಂದ್ರಗಳಲ್ಲೆಲ್ಲ ನಡೆಯಿತು, ಬಿಬಿಸಿಯಲ್ಲೂ. ಉಳಿದಿರುವುದು ಮಾಡಿದವರ ನೆನಪು. ಅವರಿಗೆಲ್ಲ ಈಗ ವಯಸ್ಸಾಗಿದೆ. ನಿಮ್ಮ ಬೀದಿಯಲ್ಲಿ ಅಂಥವರು ಯಾರಾದರೂ ಇದ್ದರೆ ಹೋಗಿ ಮಾತಾಡಿಸಿ. ಯಾವ ಊರು, ಯಾರು ಮಾತಾಡಿದರು, ಏನು ಹೇಳಿದರು, ಬರೆದು ಕಳಿಸಿ. ಪುಟ ನಾವು ಕೊಡುತ್ತೇವೆ.

– ಸಂಪಾದಕ